ಏಳು ಜೊತೆ ಮರದ ಮೆಟ್ಟು

ಲಜಾರ್ ಪೋಮಿಯೆಯನ್ನು ಎದುರಿಗೆ ಹೊಗಳಬಾರದು ಅನ್ನುವುದು ನಮ್ಮ ಮೊರ್ವಾನ್ ಬೆಟ್ಟದ ಕಡೆ ಎಲ್ಲರಿಗೂ ಗೊತ್ತಿತ್ತು. ಯಾಕೆ ಅನ್ನುವುದು ಮಾತ್ರ ಏಳು ವರ್ಷ ಯಾರಿಗೂ ಗೊತ್ತಿರಲಿಲ್ಲ. ಲಜಾರ್ ಹೆಜ್ಜೆ ನೋಡಿ ಬಂದನೆಂದರೆ ಮುಗಿಯಿತು, ಅದರ ಮೇಲೆ ಇನ್ನೊಂದು ಮಾತಿಲ್ಲ ಅಂತ ಯಾರಾದರೂ ಅಂದರೆ ಸಾಕು, ಆ ಮನುಷ್ಯ ಕೆಂಡ ತುಳಿದವನ ಹಾಗೆ ಎದ್ದು ಹೊರಗೆ ಹೋಗಿಬಿಡುತ್ತಿದ್ದ. ಜನ ಅದನ್ನು ವಿನಯ ಅಂದುಕೊಂಡರು. ಜನರಿಗೇನು ಗೊತ್ತಾಗುತ್ತೆ, ನಾಚಿಕೆಯಲ್ಲೂ ಮುಖ ಕೆಂಪಾಗುತ್ತೆ, ವಿನಯದಲ್ಲೂ ಆಗುತ್ತೆ.

ಹೆಜ್ಜೆ ನೋಡುವುದು ಅಂದರೆ ಸುಮ್ಮನೆ ಕಾಡು ತಿರುಗಿ ಬರುವುದಲ್ಲ. ಚಳಿಗಾಲದ ಭಾನುವಾರ ನಮ್ಮಲ್ಲಿ ಕಾಡುಹಂದಿ ಬೇಟೆ. ಅವತ್ತು ಬೆಳಕು ಹರಿಯುವ ಹೊತ್ತಿಗೆ ಒಬ್ಬ, ಬಾಯಿ ಬಿಡದ ಒಂದು ಮುದಿ ಹೆಣ್ಣುನಾಯಿಯನ್ನು ಹಗ್ಗಕ್ಕೆ ಕಟ್ಟಿಕೊಂಡು, ತನ್ನ ಪಾಲಿನ ಕಾಡುಗಳನ್ನು ಒಂದೊಂದಾಗಿ ಸುತ್ತು ಹಾಕಬೇಕು. ಹಂದಿ ಒಳಗೆ ಹೋದ ಹೆಜ್ಜೆ ಇದ್ದು ಹೊರಗೆ ಬಂದ ಹೆಜ್ಜೆ ಇಲ್ಲದಿದ್ದರೆ ಅದು ಒಳಗೇ ಮಲಗಿದೆ ಅಂತ ಲೆಕ್ಕ. ಅಲ್ಲಿ ಒಂದು ಕೊಂಬೆ ಮುರಿದು, ಮುರಿದ ತುದಿಯನ್ನು ಹಂದಿ ಹೋದ ದಿಕ್ಕಿಗೆ ಮಾಡಿ ನೆಲದ ಮೇಲಿಟ್ಟು ಬರಬೇಕು. ಒಂಬತ್ತು ಗಂಟೆಗೆ ಬೇಟೆಯವರೆಲ್ಲ ದುಂಡಗೆ ನಿಂತಾಗ ನಡುವೆ ಬಂದು, ಟೋಪಿ ತೆಗೆದು, ಕಂಡದ್ದನ್ನು ಹೇಳಬೇಕು. ಟೋಪಿ ತೆಗೆದು ಆಡಿದ ಮಾತನ್ನು ಯಾರೂ ಹೋಗಿ ಮತ್ತೆ ಪರೀಕ್ಷೆ ಮಾಡುವುದಿಲ್ಲ. ನಮ್ಮಲ್ಲಿ ಹೆಂಡತಿಗೆ ಸುಳ್ಳು ಹೇಳಿದವರು ಬೇಕಾದಷ್ಟಿದ್ದಾರೆ, ತೆರಿಗೆಯವನಿಗೆ ನಿಜ ಹೇಳಿದವನು ಇನ್ನೂ ಹುಟ್ಟಿಲ್ಲ. ಆದರೆ ಟೋಪಿ ತೆಗೆದು ನಿಂತು ಸುಳ್ಳು ಹೇಳಿದವನನ್ನು ನಮ್ಮ ಅಜ್ಜಂದಿರೂ ಕಂಡಿರಲಿಲ್ಲ.

ನಾಯಿಗೂ ಇದೇ ಕಾನೂನು. ವಾಸನೆ ಸಿಕ್ಕರೆ ಕೂಗಬೇಕು, ಸಿಗದಿದ್ದರೆ ಬಾಯಿ ಮುಚ್ಚಿಕೊಂಡಿರಬೇಕು. ವಾಸನೆಯಿಲ್ಲದೆ ಕೂಗುವ ನಾಯಿಗೆ ಸುಳ್ಳುಗಾರ ಅಂತಲೇ ಹೆಸರು. ಕುಂಟ ನಾಯಿಯನ್ನು ಸಾಕುತ್ತಾರೆ, ಕಿವುಡು ನಾಯಿಯನ್ನೂ ಸಾಕುತ್ತಾರೆ, ಸುಳ್ಳುಗಾರನನ್ನು ಇಟ್ಟುಕೊಳ್ಳುವುದಿಲ್ಲ, ಯಾಕೆಂದರೆ ಅವನೊಬ್ಬ ಕೂಗಿದರೆ ಇಡೀ ಹಿಂಡು ನಂಬಿ ಓಡುತ್ತದೆ. ಅಂಥವನಿಂದ ಮರಿ ತೆಗೆಯುವ ಮಾತಂತೂ ಇಲ್ಲವೇ ಇಲ್ಲ.

ನಮ್ಮ ನಾಯಿಗಳು ಬೂದು ನಾಯಿಗಳು. ಈಗ ತಾನೇ ಹಾಸಿಗೆಯಿಂದ ಎದ್ದು ಬಂದ ಮುಖ, ಕಣ್ಣಿನ ಮೇಲೆ ಬಿದ್ದ ಕೂದಲು, ಗದ್ದದಲ್ಲಿ ಚೂರು ಗಡ್ಡ, ಮೈತುಂಬ ಆಡಿನ ಕೂದಲಿನ ಹಾಗೆ ಒರಟು ಜೂಲು. ಯಾವಾಗ ನೋಡಿದರೂ ಸಾವಿನ ಮನೆಯಿಂದ ಬಂದವರ ಕಳೆ. ಓಟದಲ್ಲಿ ನಿಧಾನ, ಹಟದಲ್ಲಿ ಕತ್ತೆಗಿಂತ ಒಂದು ಕೈ ಮೇಲು. ಬೆಳಗ್ಗೆ ಹಿಡಿದ ಹಂದಿಯ ಜಾಡನ್ನು ಸಂಜೆಯಾದರೂ ಬಿಡುವುದಿಲ್ಲ, ಮುಳ್ಳುಪೊದೆಗೆ ಹೆದರುವುದಿಲ್ಲ, ಕೋರೆಹಲ್ಲಿಗೂ ಹೆದರುವುದಿಲ್ಲ. ಹಳೇ ಕಾಲದಲ್ಲಿ ಸಂತನೆನಿಸಿಕೊಂಡ ರಾಜ ಲೂಯಿ ಧರ್ಮಯುದ್ಧಕ್ಕೆ ಹೋದವನು ಈ ಜಾತಿಯನ್ನು ತಂದ ಅನ್ನುತ್ತಾರೆ. ಆಮೇಲಿನ ರಾಜರಿಗೆ ಬೆಳ್ಳಗಿನ ನಾಯಿಗಳ ಶೋಕಿ ಹತ್ತಿತು. ಕ್ರಾಂತಿ ಬಂದು ದೊಡ್ಡವರ ನಾಯಿಮನೆಗಳು ಬರಿದಾದವು. ಉಳಿದದ್ದು ನಮ್ಮಂಥ ಸೌದೆ ಕಡಿಯುವವರ, ದನ ಸಾಕುವವರ ಹಿತ್ತಿಲಲ್ಲಿ, ಬರೀ 'ಊರ ನಾಯಿ' ಅಂತ. ಎರಡು ಯುದ್ಧ ಕಳೆಯುವ ಹೊತ್ತಿಗೆ ಅದೂ ಬೆರಳಲ್ಲಿ ಎಣಿಸುವಷ್ಟಾಯಿತು.

ನಮ್ಮ ಕಣಿವೆಯಲ್ಲಿ ಆ ಹಳೇ ರಕ್ತ ಬೆರಕೆಯಿಲ್ಲದೆ ಉಳಿದಿದ್ದು ಒಂದೇ ಮನೆಯಲ್ಲಿ, ಮರದ ಮೆಟ್ಟು ಕೆತ್ತುವ ಫಿಲಿಬೆರ್ ಅಜ್ಜನ ಮನೆಯಲ್ಲಿ. ಜರ್ಮನರು ಊರಿನಲ್ಲಿದ್ದಾಗ ಗರ್ಭದ ನಾಯಿಯೊಂದನ್ನು ಆತ ಎರಡು ತಿಂಗಳು ಮರದ ಹೊಟ್ಟಿನ ಕೋಣೆಯಲ್ಲಿ ಬಚ್ಚಿಟ್ಟು, ತನ್ನ ಪಾಲಿನ ಆಲೂಗಡ್ಡೆ ಹಾಕಿ ಸಾಕಿದ್ದ. ಆ ವಂಶದ ಕೊನೆಯ ಗಂಡು ರಮೊನೋ, ಅಂದರೆ ಹೊಗೆಗೂಡು ಗುಡಿಸುವವನು. ಹೊಗೆಗೂಡಿನಿಂದ ಇಳಿದು ಬಂದವನ ಹಾಗೆ ಮಸಿ ಮಸಿಯಾಗಿದ್ದ ಅಂತ ಆ ಹೆಸರು. ಅಜ್ಜನ ಕಾಲು ಸೋತಿತ್ತು, ಕಾಡು ಸುತ್ತಲಾರ. ನಾಯಿಯನ್ನು ಹಿಂಡಿನ ಜೊತೆ ಕಳಿಸಿ ತಾನು ಬಾಗಿಲಲ್ಲಿ ಕೂತು ಕೆತ್ತುತ್ತಾ ಕಿವಿ ಮಾತ್ರ ಕಣಿವೆಗೆ ಕೊಟ್ಟಿರುತ್ತಿದ್ದ. ಇಪ್ಪತ್ತು ನಾಯಿ ಕೂಗಿದರೂ ತನ್ನದು ಯಾವುದು ಅಂತ ಅವನಿಗೆ ಗೊತ್ತಾಗುತ್ತಿತ್ತು. ಐವತ್ತನಾಲ್ಕರ ಮಾರ್ಚಿನಲ್ಲಿ ಬ್ರೆಸೋಲ್ ಸಾಹೇಬರು, ಅಂದರೆ ಈ ಜಾತಿಯ ವಂಶಾವಳಿ ಬರೆದಿಡುವ ಪಶುವೈದ್ಯರು, ದೂರದಿಂದ ಒಂದು ಒಳ್ಳೆಯ ಹೆಣ್ಣುನಾಯಿ ತರುವುದಾಗಿ ಮಾತಾಗಿತ್ತು. ಮೊಮ್ಮಗಳ ಮದುವೆಗೂ ಅಜ್ಜ ಅಷ್ಟು ಸಂಭ್ರಮಪಟ್ಟಿರಲಿಲ್ಲ.

ಐವತ್ತನಾಲ್ಕರ ಜನವರಿ. ಲಜಾರ್‌ಗೆ ಆಗ ಇಪ್ಪತ್ತೊಂಬತ್ತು. ಅವತ್ತು ಅವನ ಪಾಲಿಗೆ ಮೂರು ಕಾಡು. ಹಿಮವಿಲ್ಲ, ಬರೀ ಕೊರೆಯುವ ಚಳಿ, ನೆಲ ಕಲ್ಲಾಗಿತ್ತು, ಹೆಜ್ಜೆ ಹುಡುಕಿ ಹುಡುಕಿ ಕಣ್ಣಲ್ಲಿ ನೀರು. ಎರಡು ಕಾಡು ಸುತ್ತಿ ಒಂದರಲ್ಲಿ ಕೊಂಬೆ ಮುರಿದಿಟ್ಟ. ಮೂರನೆಯದು ವೆರ್ನೆ ಕಾಡು, ತಗ್ಗಿನಲ್ಲಿದೆ, ಮೆಟ್ಟಿಗೆ ಬೇಕಾದ ಮರವೆಲ್ಲ ಅಲ್ಲಿಯದೇ. ಅದರ ದಾರಿಯಲ್ಲಿ ಅವನ ಷಡ್ಡಕನ ಮನೆ. ಹಿಂದಿನ ದಿನ ಅಲ್ಲಿ ಸಾಕುಹಂದಿ ಕಡಿದಿದ್ದರು. ರಕ್ತ ತುಂಬಿದ ಸಾಸೇಜನ್ನು ಈರುಳ್ಳಿ ಹಾಕಿ ಹುರಿಯುವ ಘಮ ರಸ್ತೆಗೆ ಬಂದಿತ್ತು. ಒಂದು ಗಳಿಗೆ ಕೈ ಬೆಚ್ಚಗೆ ಮಾಡಿಕೊಂಡು ಹೋಗು ಅಂದರು. ಒಂದು ಗಳಿಗೆ ಹೋಗಿ, ಒಂದು ಲೋಟ ವೈನ್ ಆಗಿ, ಇನ್ನೊಂದು ತುಂಡಾಗಿ, ಎದ್ದು ನೋಡಿದರೆ ಎಂಟೂ ಮುಕ್ಕಾಲು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ ಅನ್ನುತ್ತಾರಲ್ಲ, ಇವನದು ಹೋದದ್ದು ಒಂದು ಮೊಳ ಸಾಸೇಜಿಗೆ.

ಓಡಿಕೊಂಡು ಬಂದು ನಡುವೆ ನಿಂತ, ಟೋಪಿ ತೆಗೆದ. ಮೊದಲೆರಡು ಕಾಡಿನದು ನಿಜ ಹೇಳಿದ. ಬೇಟೆಯ ಯಜಮಾನ ಗಿರಣಿಯ ಒಕ್ತಾವ್, "ವೆರ್ನೆ?" ಅಂದ. ನೋಡಲಿಲ್ಲ ಅಂದಿದ್ದರೆ ನಾಲ್ಕು ಜನ ನಗುತ್ತಿದ್ದರು, ಒಕ್ತಾವ್ ಎರಡು ಬೈಯುತ್ತಿದ್ದ, ಅಲ್ಲಿಗೆ ಮುಗಿಯುತ್ತಿತ್ತು. ಇವನ ಬಾಯಿಗೆ ಬಂದದ್ದು "ಖಾಲಿ" ಅನ್ನುವ ಎರಡಕ್ಷರ. ವೆರ್ನೆಯಲ್ಲಿ ಹಂದಿ ಇರುವುದೇ ಅಪರೂಪ, ಯಾರಿಗೆ ಏನಾಗುತ್ತೆ ಅಂದುಕೊಂಡ.

ನಾಯಿ ಬಿಟ್ಟರು. ಕೊಂಬೆ ಇಟ್ಟ ಕಡೆಯಿಂದ ಹಂದಿ ಎದ್ದಿತು, ಹಿಂಡು ಹಿಂದೆ ಬಿತ್ತು. ಅಷ್ಟರಲ್ಲಿ ರಮೊನೋ ಹಿಂಡು ಬಿಟ್ಟು ಒಬ್ಬನೇ ತಗ್ಗಿಗಿಳಿದು ವೆರ್ನೆ ಕಾಡಿಗೆ ನುಗ್ಗಿ ಕೊರಳೆತ್ತಿದ. ಒಳಗಿನಿಂದ ಗಂಟೆ ಹೊಡೆದ ಹಾಗೆ ಬರುತ್ತಿತ್ತು ದನಿ, ಒಂದು ಸಲವಲ್ಲ, ಬಿಡದೆ. ಹಿಂಡಿನ ನಾಲ್ಕೈದು ನಾಯಿ ಅತ್ತ ಕಿವಿ ತಿರುಗಿಸಿದವು. ಹತ್ತಿರದಲ್ಲಿದ್ದವನು ಲಜಾರ್. ಚಾವಟಿ ಹಿಡಿದು ಒಳಗೆ ಓಡಿದ.

ಒಳಗೆ ಏನು ಕಂಡ ಅನ್ನುವುದನ್ನು ಏಳು ವರ್ಷ ಅವನು ದೇವರ ಹತ್ತಿರವೂ ಹೇಳಲಿಲ್ಲ. ಜರೀಗಿಡದ ನಡುವೆ ಹಂದಿಯ ಗೂಡು. ಒಣ ಎಲೆ ಒತ್ತಿ ಕೂತಿತ್ತು. ಕೈ ಇಟ್ಟು ನೋಡಿದ, ಬೆಚ್ಚಗಿತ್ತು. ಹೊರಗೆ ಹೋದ ಹೆಜ್ಜೆ ಅವನ ಅಂಗೈಯಷ್ಟು ಅಗಲ, ಒಂಟಿ ಗಂಡುಹಂದಿ. ರಮೊನೋ ಆ ಹೆಜ್ಜೆಯ ಮೇಲೆ ಮೂಗಿಟ್ಟು ಹೊರಟೇಬಿಟ್ಟಿದ್ದ. ಆಗ ಲಜಾರ್ ಚಾವಟಿ ಎತ್ತಿದ. ಒಂದು ಹೊಡೆತಕ್ಕೆ ನಾಯಿ ಬಿಡಲಿಲ್ಲ, ನಮ್ಮ ಬೂದು ನಾಯಿ ಒಂದು ಹೊಡೆತಕ್ಕೆ ಬಿಡುವ ಜಾತಿಯಲ್ಲ. ಎಷ್ಟು ಹೊಡೆದನೋ ಅವನಿಗೇ ನೆನಪಿಲ್ಲ. ಕೊನೆಗೆ ಕತ್ತಿಗೆ ಹಗ್ಗ ಹಾಕಿ ಎಳೆದುಕೊಂಡು ಹೊರಗೆ ತಂದು, ಎಲ್ಲರ ಎದುರಿಗೆ, "ಒಳಗೆ ಏನೂ ಇಲ್ಲ, ಸುಮ್ನೆ ಕೂಗ್ತಿದ್ದ" ಅಂದುಬಿಟ್ಟ.

ಒಕ್ತಾವ್ ನಾಯಿಯನ್ನು ನೋಡಿದ, ಲಜಾರ್‌ನನ್ನು ನೋಡಿದ. ಮನುಷ್ಯ ಟೋಪಿ ತೆಗೆದು ಹೇಳಿದ್ದಾನೆ. ಇನ್ನೇನು ನೋಡುವುದು?

ಸಂಜೆ ಸುದ್ದಿ ಫಿಲಿಬೆರ್ ಅಜ್ಜನಿಗೆ ಮುಟ್ಟಿತು. ಅವನು ಬಾಗಿಲಲ್ಲಿ ಕೂತು ಕೇಳಿದ್ದನಲ್ಲ. ಆ ಕೂಗು ಸುಳ್ಳಿನ ಕೂಗಲ್ಲ ಅಂತ ಅವನ ಕಿವಿ ಹೇಳುತ್ತಿತ್ತು. ಆದರೂ ಅವನು ತನ್ನ ಕಿವಿಯನ್ನು ನಂಬಲಿಲ್ಲ, ಲಜಾರ್‌ನ ಮಾತನ್ನು ನಂಬಿದ. ಮೂರು ದಿನ ಉಳಿ ಮುಟ್ಟಲಿಲ್ಲ. ನಾಲ್ಕನೇ ದಿನ ತನ್ನ ದಪ್ಪ ಅಕ್ಷರದಲ್ಲಿ ಬ್ರೆಸೋಲ್ ಸಾಹೇಬರಿಗೆ ಕಾಗದ ಬರೆದ. ನನ್ನ ನಾಯಿ ಸುಳ್ಳುಗಾರ ಆಗಿದ್ದಾನೆ, ನಿಮ್ಮ ಹೆಣ್ಣನ್ನು ತರಬೇಡಿ, ಕೆಟ್ಟ ರಕ್ತ ನಿಮ್ಮ ಪುಸ್ತಕಕ್ಕೆ ಸೇರುವುದು ಬೇಡ. ಯಾರೂ ಕೇಳಿರಲಿಲ್ಲ, ಮುಚ್ಚಿಟ್ಟಿದ್ದರೂ ನಡೆಯುತ್ತಿತ್ತು, ಅವನಾಗೇ ಬರೆದ. ನಾಯಿಯನ್ನು ಕೊಲ್ಲಲು ಮನಸ್ಸಾಗದೆ ಮನೆಗೆ ಅಂಟಿಕೊಂಡಿದ್ದ ತನ್ನ ಮೆಟ್ಟಿನ ಕಾರ್ಖಾನೆಯ ಪಕ್ಕದ ಗೂಟಕ್ಕೆ ಸರಪಳಿ ಹಾಕಿದ.

ಆ ಕಾಗದದ ಸುದ್ದಿ ಕೇಳಿದ ದಿನವೇ ಲಜಾರ್ ಎದ್ದು ಹೊರಟ. ಹೇಳಿಬಿಡುತ್ತೇನೆ ಅಂತಲೇ ಹೊರಟ. ಬಾಗಿಲಿಗೆ ಬಂದ, ಅಜ್ಜ ತಲೆಯೆತ್ತಿ "ಏನು ಬಂದೆ ಲಜಾರಾ?" ಅಂದ. "ಒಂದು ಜೊತೆ ಮೆಟ್ಟು ಬೇಕಿತ್ತು" ಅಂದ. ಅಜ್ಜ ಅವನ ಪಾದದ ಅಳತೆ ತೆಗೆದುಕೊಳ್ಳಲು ಕಷ್ಟಪಟ್ಟು ಮೊಣಕಾಲೂರಿದ. ಲಜಾರ್‌ಗೆ ಭೂಮಿ ಬಾಯಿ ಬಿಟ್ಟು ನುಂಗಬಾರದೇ ಅನ್ನಿಸಿತು. ರಮೊನೋ ಇವನ ದನಿ ಕೇಳಿದ್ದೇ ಸರಪಳಿ ಎಳೆದುಕೊಂಡು ಮರದ ರಾಶಿಯ ಹಿಂದೆ ಹೋಗಿ ಮಲಗಿದ.

"ನೋಡು," ಅಂದ ಅಜ್ಜ, "ನಿನ್ನ ಕಂಡ್ರೆ ಅದಕ್ಕೂ ನಾಚ್ಕೆ."

ಪ್ರತಿ ವರ್ಷ ಹೀಗೇ ಆಯಿತು. ಹಿಮ ಕರಗಿ ಮಾರ್ಚ್ ಬಂತೆಂದರೆ, ಇನ್ನೂ ಹೊತ್ತು ಮೀರಿಲ್ಲ, ನಾಯಿಗೆ ಇನ್ನೂ ವಯಸ್ಸಿದೆ, ಈಗಲಾದರೂ ಹೇಳಿದರೆ ವಂಶ ಉಳಿಯುತ್ತದೆ ಅಂತ ಲಜಾರ್ ಲೆಕ್ಕ ಹಾಕುತ್ತಿದ್ದ. ಸ್ನಾನ ಮಾಡಿ, ಒಳ್ಳೆಯ ಕೋಟು ಹಾಕಿಕೊಂಡು ಹೋಗುತ್ತಿದ್ದ. ಒಂದು ಜೊತೆ ಮೆಟ್ಟು ಹೇಳಿ ಬರುತ್ತಿದ್ದ. ಅಜ್ಜ ಒಂದಕ್ಕಿಂತ ಒಂದು ಚೆನ್ನಾಗಿ ಕೆತ್ತಿ ಕೊಡುತ್ತಿದ್ದ, ಅದೂ ವೆರ್ನೆ ಕಾಡಿನ ಮರದಲ್ಲೇ. ಲಜಾರ್ ಒಂದನ್ನೂ ಕಾಲಿಗೆ ಹಾಕಲಿಲ್ಲ. ಅಟ್ಟದ ಕೆಳಗೆ ಸಾಲಾಗಿ ಕೂತವು. ಹೆಂಡತಿ ಲಿಯೊನಿಗೆ ನೋಡಿ ನೋಡಿ ರೇಗಿಹೋಯಿತು. "ನಿಂಗೇನು ಜರಿಹುಳದ ಕಾಲಾ? ಆ ಮುದುಕನ ಹತ್ರ ಏನೋ ಹೇಳೋದಿದೆ, ಅದನ್ನ ಹೇಳಿ ಬಾ. ಮನೆ ತುಂಬ ಮೆಟ್ಟು ತುಂಬ್ಬೇಡ" ಅಂದಳು. ಅವನು ತಟ್ಟೆ ಬಿಟ್ಟು ಎದ್ದ. ಈರುಳ್ಳಿ ಹಾಕಿದ ಸಾಸೇಜು ಅವನ ಮನೆಯಲ್ಲಿ ಬೇಯುವುದು ನಿಂತೇ ಎಷ್ಟೋ ಕಾಲವಾಗಿತ್ತು.

ಇನ್ನು ಕೆಲಸದಲ್ಲಿ ಲಜಾರ್ ಹುಚ್ಚನಂತಾಗಿದ್ದ. ಪ್ರತಿ ಕಾಡನ್ನೂ ಎರಡು ಸುತ್ತು ಹಾಕುತ್ತಿದ್ದ. ಬೇರೆಯವರು ನಾಲ್ಕು ಗಂಟೆಗೆ ಎದ್ದರೆ ಅವನು ಮೂರಕ್ಕೆ. ಮಳೆಯಿರಲಿ, ಜ್ವರವಿರಲಿ. ಅವನು ಹೇಳಿದ ಒಂದು ಮಾತೂ ತಪ್ಪಾಗಲಿಲ್ಲ, ಆದ್ದರಿಂದ ಅವನ ಹೆಸರು ಬೆಳೆಯಿತು, ಹೆಸರು ಬೆಳೆದಷ್ಟೂ ನಾಯಿಯ ಹಣೆಬರಹ ಗಟ್ಟಿಯಾಯಿತು. ಇಂಥವನು ಸುಳ್ಳುಗಾರ ಅಂದಮೇಲೆ ಸುಳ್ಳುಗಾರನೇ! ಹಂದಿ ಆ ಕಡೆ ದಾಟಿದಾಗಲೆಲ್ಲ ರಮೊನೋ ಗೂಟದಲ್ಲೇ ನಿಂತು ಕೂಗುತ್ತಿದ್ದ, ಒಂದು ದಿನವೂ ತಪ್ಪು ಕೂಗಲಿಲ್ಲ. ಸುಳ್ಳುಗಾರ ಸುದ್ದಿ ಓದ್ತಿದ್ದಾನೆ ಅಂತ ಬೇಟೆಯವರು ನಗುತ್ತಿದ್ದರು. ಲಜಾರ್ ಕಾಡಿನೊಳಗೆ ನಿಂತು ಕೇಳಿಸಿಕೊಳ್ಳುತ್ತಿದ್ದ. ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಿದ್ದ, ಆದರೆ ಕಳ್ಳ ಯಾರು ಅಂತ ಯಾರೂ ಕೇಳುತ್ತಲೇ ಇರಲಿಲ್ಲ.

ಅರವತ್ತರ ನವೆಂಬರ್ ಬಂತು. ಬೇಟೆಯ ಸಂತನ ಹಬ್ಬ, ನಾಯಿಗಳನ್ನೆಲ್ಲ ಇಗರ್ಜಿಯ ಮುಂದೆ ನಿಲ್ಲಿಸಿ ಪಾದ್ರಿ ನೀರು ಚಿಮುಕಿಸಿದರು. ಆಮೇಲೆ ಬೇಟೆಗೆ ಮುಂಚೆ ಎಲ್ಲರೂ ದುಂಡಗೆ ನಿಂತರು. ಆ ವರ್ಷ ಬ್ರೆಸೋಲ್ ಸಾಹೇಬರೂ ಬಂದಿದ್ದರು. ಅವರ ಮುಖ ಬಾಡಿತ್ತು. ಹಳೇ ರಕ್ತದ ಗಂಡುಗಳು ಎಲ್ಲೂ ಸಿಗುತ್ತಿಲ್ಲ, ಇರುವುದೆಲ್ಲ ಒಂದೇ ಮನೆಯ ಅಣ್ಣತಂಗಿಯರಾಗಿಬಿಟ್ಟಿವೆ, ಹೀಗೇ ಆದರೆ ಜಾತಿ ಉಳಿಯುವುದಿಲ್ಲ ಅಂದರು. ಫಿಲಿಬೆರ್ ಅಜ್ಜನನ್ನು ಯಾರೋ ಗಾಡಿಯಲ್ಲಿ ಕೂರಿಸಿಕೊಂಡು ಬಂದಿದ್ದರು. ಆ ಮಾತು ಕೇಳಿ ಅವನು ಗಾಡಿಯಿಂದ ಇಳಿದ. ಕೋಲೂರಿಕೊಂಡು ನಡುವೆ ಬಂದು, ಸಾಹೇಬರ ಕಡೆಗಲ್ಲ, ಲಜಾರ್‌ನ ಕಡೆಗೆ ತಿರುಗಿದ.

"ಲಜಾರಾ, ನಾನು ಇನ್ನೆಷ್ಟು ದಿನ ಇರ್ತೀನೋ. ಅವತ್ತು ನನ್ನ ನಾಯಿ ಎಲ್ಲರ ಮುಂದೆ ನಿನ್ನ ಮಾತು ಸುಳ್ಳು ಮಾಡಕ್ಕೆ ಹೋಯ್ತು. ಅಂಥದನ್ನ ಸಾಕಿ ಹಿಂಡಿಗೆ ಕೊಟ್ಟೋನು ನಾನು. ತಪ್ಪಾಯ್ತು ಅಂತ ಹೇಳಿರ್ಲಿಲ್ಲ. ಈಗ ಹೇಳ್ತಿದೀನಿ."

ಎಂಬತ್ತರ ಹತ್ತಿರದ ಮುದುಕ ಟೋಪಿ ತೆಗೆದು ನಿಂತಿದ್ದ. ಒಕ್ತಾವ್ ಮೂಗೊರೆಸಿಕೊಂಡು, ಆಯಿತು ಅಜ್ಜ, ಹಳೇ ಮಾತು ಬಿಡು ಅಂತ ಸಮಾಧಾನ ಹೇಳಿ, ಇನ್ನು ವರದಿ ಶುರುವಾಗಲಿ ಅಂದ. ಲಜಾರ್ ನಡುವೆ ಬಂದ. ಅವನ ಕೈ ಟೋಪಿಯ ತನಕ ಹೋಗಿ ಅಲ್ಲೇ ನಿಂತಿತು. ತುಟಿ ಬೆಳ್ಳಗಾಗಿತ್ತು. ಜನ ಅವನಿಗೆ ಹುಷಾರಿಲ್ಲ ಅಂದುಕೊಂಡರು. ಆಮೇಲೆ ಟೋಪಿ ತೆಗೆದ.

"ವೆರ್ನೆ ಕಾಡು," ಅಂದ. "ಐವತ್ನಾಲ್ಕರ ಜನವರಿ. ಸುತ್ತು ಹಾಕ್ಲಿಲ್ಲ. ಷಡ್ಡಕನ ಮನೇಲಿ ಕೂತು ತಿಂತಿದ್ದೆ. ಖಾಲಿ ಅಂತ ಹೇಳ್ದೆ. ನಾಯಿ ಕೂಗ್ತು. ಒಳಗೆ ಹೋದೆ, ಗೂಡಿತ್ತು, ಹೆಜ್ಜೆ ಇತ್ತು. ನೋಡಿದ್ಮೇಲೇ ನಾಯೀನ ಹೊಡ್ದೆ. ನಾಯಿ ಸುಳ್ಳು ಹೇಳ್ಲಿಲ್ಲ. ನಾನು ಹೇಳ್ದೆ."

ಯಾರೂ ಬೈಯಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು. ಒಕ್ತಾವ್ ನೆಲ ನೋಡುತ್ತಾ ನಿಂತ. ಏಳು ವರ್ಷ ಸುಳ್ಳುಗಾರ ಅಂತ ನಕ್ಕವರೆಲ್ಲ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಫಿಲಿಬೆರ್ ಅಜ್ಜ ತಡವರಿಸುತ್ತಾ ಎರಡು ಹೆಜ್ಜೆ ಹತ್ತಿರ ಬಂದ. ಹೊಡೆಯುತ್ತಾನೆ ಅಂದುಕೊಂಡು ಲಜಾರ್ ಕಣ್ಣು ಮುಚ್ಚಿದ.

"ಗೂಡು ಬೆಚ್ಚಗಿತ್ತಾ?" ಅಂತ ಕೇಳಿದ ಅಜ್ಜ.

"ಬೆಚ್ಚಗಿತ್ತು."

"ಎಷ್ಟು ದೊಡ್ಡದು?"

ಲಜಾರ್ ಅಂಗೈ ಅಗಲಿಸಿ ತೋರಿಸಿದ. ಅಜ್ಜ ಆ ಕೈಯನ್ನು ಬಹಳ ಹೊತ್ತು ನೋಡಿದ. ತಲೆ ಆಡಿಸಿದ. "ಹೌದು, ಹಾಗೇ ಕೇಳಿಸಿತ್ತು" ಅಂದ. ಆಮೇಲೆ ಗಾಡಿಯವನಿಗೆ, ಮನೆಗೆ ಹೊಡಿ ಅಂದ. ಲಜಾರ್‌ಗೂ ಕೂತ್ಕೋ ಅಂತ ಕಣ್ಣಲ್ಲೇ ಹೇಳಿದ. ಬ್ರೆಸೋಲ್ ಸಾಹೇಬರೂ ನಾವು ಕೆಲವರೂ ಹಿಂದೆ ನಡೆದುಕೊಂಡು ಬಂದೆವು. ಆ ಭಾನುವಾರ ಬೇಟೆ ನಡೆಯಲೇ ಇಲ್ಲ.

ನಾಯಿಮರಿಯ ವಿಷಯ ಇಲ್ಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ಆಸೆ ಇಟ್ಟುಕೊಳ್ಳುವುದು ಬೇಡ. ಸಾಹೇಬರು ಮುಂದಿನ ಮಾರ್ಚಿನಲ್ಲಿ ಹೆಣ್ಣುನಾಯಿ ತಂದರು, ಎರಡು ಸಲ ಕೂಡಿಸಿದರು. ಮರಿ ಕಟ್ಟಲಿಲ್ಲ. ನಾಯಿಗೆ ಹತ್ತು ವರ್ಷ, ಎರಡು ವರ್ಷ ಮುಂಚೆ ಕರೆದಿದ್ದರೆ ಆಗುತ್ತಿತ್ತೇನೋ ಅಂದರು. ಲಜಾರ್ ಪಕ್ಕದಲ್ಲೇ ನಿಂತು ಕೇಳಿಸಿಕೊಂಡ. ಆ ರಕ್ತ ನಮ್ಮ ಕಣಿವೆಯಲ್ಲಿ ಅಲ್ಲಿಗೆ ಮುಗಿಯಿತು. ಬೇರೆ ಕಡೆ ಬೂದು ನಾಯಿಗಳಿವೆ, ಇರುತ್ತವೆ, ಫಿಲಿಬೆರ್ ಅಜ್ಜನ ಮನೆಯವು ಇಲ್ಲ.

ಆ ಭಾನುವಾರದ ಮಾತಿಗೆ ಬರುತ್ತೇನೆ. ಗಾಡಿ ಕಾರ್ಖಾನೆಯ ಮುಂದೆ ನಿಂತಿತು. ರಮೊನೋ ಲಜಾರ್‌ನನ್ನು ಕಂಡು ಎಂದಿನ ಹಾಗೆ ಮರದ ರಾಶಿಯ ಹಿಂದಕ್ಕೆ ಹೋದ. ಅಜ್ಜ ನಾಯಿಯ ಮುಂದೆ ಹೋಗಿ ಟೋಪಿ ತೆಗೆದ. ಏನೋ ಹೇಳಿದ, ಅದು ಅವರಿಬ್ಬರ ನಡುವಿನ ಮಾತು, ನಮಗೆ ಕೇಳಿಸಲಿಲ್ಲ. ಆಮೇಲೆ ಲಜಾರ್ ಕಡೆ ತಿರುಗಿ, ಸರಪಳಿ ನೀನೇ ಬಿಚ್ಚು ಅಂದ.

ಲಜಾರ್ ಮೊಣಕಾಲೂರಿದ, ಅಜ್ಜ ಅವನ ಪಾದದ ಮುಂದೆ ಏಳು ಸಲ ಊರಿದ ಹಾಗೆ. ಕತ್ತಿನ ಪಟ್ಟಿ ತೆಗೆದ. ಪಟ್ಟಿಯ ಕೆಳಗೆ ಸುತ್ತಲೂ ಕೂದಲಿರಲಿಲ್ಲ, ಚರ್ಮ ಜಡ್ಡುಗಟ್ಟಿತ್ತು. ನಾಯಿ ಎದ್ದು ಮೈ ಕೊಡವಿತು. ನಿಧಾನವಾಗಿ ಅಂಗಳದಲ್ಲಿ ನಡೆಯಿತು. ಏಳು ವರ್ಷ ಸರಪಳಿಯಲ್ಲಿ ತಿರುಗಿ ತಿರುಗಿ ಹುಲ್ಲು ಸವೆದು ಮಣ್ಣಾಗಿದ್ದ ಅರ್ಧ ಸುತ್ತಿನ ದಾರಿಯ ಮೇಲೇ ನಡೆಯಿತು. ಸರಪಳಿ ಮುಗಿಯುತ್ತಿದ್ದ ಜಾಗ ಬಂದೊಡನೆ ನಿಂತಿತು. ತಿರುಗಿ ಅದೇ ದಾರಿಯಲ್ಲಿ ವಾಪಸು ಬಂತು. ಮತ್ತೆ ಹೋಗಿ ಮತ್ತೆ ಅಲ್ಲೇ ನಿಂತಿತು. ಆಚೆ ಹುಲ್ಲು, ಅದರಾಚೆ ತಗ್ಗು, ವೆರ್ನೆ ಕಾಡು, ಎಲ್ಲ ಬಾಗಿಲು ತೆಗೆದೇ ಇತ್ತು.

ಲಜಾರ್ ಮೊಣಕಾಲ ಮೇಲೇ ಕೂತು ಅಳುತ್ತಿದ್ದ. "ಆಚೆ ಬರ್ತಿಲ್ಲ ಅಜ್ಜಾ," ಅಂದ.

"ಬರ್ತಾನೆ," ಅಂದ ಫಿಲಿಬೆರ್ ಅಜ್ಜ, ಬಾಗಿಲಲ್ಲಿ ಕೂತು ಉಳಿ ಕೈಗೆತ್ತಿಕೊಳ್ಳುತ್ತಾ. "ನೀನು ಏಳು ವರ್ಷ ತಗೊಂಡ್ಯಲ್ಲ."